ಅಪ್ಪನ ಪಾದದ ಗುಳ್ಳೆಗಳು

ಮೊನ್ನೆ ಪರೀಕ್ಷೆಯ ಡ್ಯೂಟಿಗೆಂದು ಹೊರಟಿದ್ದಾಗ ಕಾಗವಾಡದ ಹತ್ತಿರ ನಮ್ಮ ಬಸ್ಸು ನಿಂತುಬಿಟ್ಟಿತು. ಮುಂದೆ ಪಂಢರಪುರಕ್ಕೆ ನಡೆದು ಹೋಗುವವರ ದಿಂಡಿ ಸಾಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆಯದೆ ಎಂಜಿನ್ ಬಂದ್ ಮಾಡಿ ಕೈ ಮುಗಿದು ಕೂತ. ತಾಳ ಬಾರಿಸುತ್ತ ಹೋಗುತ್ತಿದ್ದ ಹೆಂಗಸೊಬ್ಬಳು ಕಿಟಕಿಯೊಳಗೆ ಕೈ ಚಾಚಿ, ಹೇಳದೆ ಕೇಳದೆ, ನನ್ನ ಹಣೆಗೆ ಬುಕ್ಕ ಹಚ್ಚಿದಳು. ಆ ಕರಿ ಪುಡಿಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬಸ್ಸಿನಲ್ಲಿ ಇರಲಿಲ್ಲ. ನಮ್ಮ ಮನೆಯ ಅಂಗಳದಲ್ಲಿದ್ದೆ. ಅಪ್ಪ ಈಗಲೂ ಆಷಾಢದಲ್ಲಿ ದಿಂಡಿಗೆ ಹೋಗುತ್ತಾನೆ, ಆದರೆ ದಿಂಡಿಯ ಮುಂದಾಳು ಹೊರುವ ವೀಣೆ ಈಗ ಅವನ ಹೆಗಲ ಮೇಲಿಲ್ಲ. ಹಾಗಾದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ.

ಆ ಬೇಸಿಗೆ ನಾನು ಎಂ.ಎಸ್ಸಿ. ಮುಗಿಸಿ ಧಾರವಾಡದಿಂದ ಮನೆಗೆ ಬಂದಿದ್ದೆ. ತೆಲಸಂಗದಿಂದ ಆಚೆ ನಮ್ಮದು ಮಡ್ಡಿ ನೆಲ. ಕೊಳವೆಬಾವಿಯನ್ನು ನಂಬಿಕೊಂಡ ಒಂದಿಷ್ಟು ದ್ರಾಕ್ಷಿ, ಉಳಿದದ್ದೆಲ್ಲ ಜೋಳ, ಕಡಲೆ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ ಬಸವರಾಜ, ಅವನ ಹೆಂಡತಿ ಶೋಭಾ ವೈನಿ, ಅವರ ಅಂಬೆಗಾಲಿನ ಮಗಳು ರುಕ್ಕು. ನನಗೆ ನೌಕರಿ ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ನಾನು ಓದಿದವಳು, ಹೊರಗೆ ಬಂದರೆ ಕೆಲಸವಿಲ್ಲದವಳು. ಎಲ್ಲಿ ಕೂತರೂ ಯಾರದೋ ಕಸಬರಿಗೆಗೆ ಅಡ್ಡವಾಗುತ್ತಿದ್ದೆ.

ಧಾರವಾಡದಲ್ಲಿ ಏನು ಓದಿದೆ ಎಂದು ಮನೆಯಲ್ಲಿ ಒಮ್ಮೆ ಹೇಳಲು ಹೋಗಿ ಸುಸ್ತಾಗಿದ್ದೆ. ನನ್ನ ಪ್ರಾಜೆಕ್ಟು ಕೆರಾಟಿನ್ ಎಂಬ ಪ್ರೋಟೀನಿನ ಮೇಲೆ. ಚರ್ಮದ ಪ್ರತಿ ಜೀವಕೋಶದೊಳಗೂ ಅದರ ಎಳೆಗಳಿರುತ್ತವೆ. ಎರಡು ಬೇರೆ ಬೇರೆ ಬಗೆಯ ಕೆರಾಟಿನ್ ಒಂದಕ್ಕೊಂದು ಸುತ್ತಿಕೊಂಡು ಜೋಡಿಯಾಗುತ್ತವೆ. ಜೋಡಿಗೆ ಜೋಡಿ ಕೂಡಿ ನಾಲ್ಕಾಗುತ್ತವೆ, ನಾಲ್ಕು ನಾಲ್ಕು ಸೇರಿ ಉದ್ದನೆಯ ಎಳೆಯಾಗುತ್ತದೆ, ಎಳೆಗಳು ಕಟ್ಟುಕಟ್ಟಾಗಿ ಕೋಶದ ತುಂಬ ಬಲೆ ಕಟ್ಟುತ್ತವೆ. ಆ ಬಲೆ ಇರುವುದಕ್ಕೇ ನಮ್ಮ ಚರ್ಮ ತಿಕ್ಕಿದರೂ ಎಳೆದರೂ ತಡೆದುಕೊಳ್ಳುತ್ತದೆ. ನನ್ನನ್ನು ದಂಗುಬಡಿಸಿದ್ದು ಬಲೆಯಲ್ಲ, ಅದನ್ನು ಹೆಣೆಯುವವರು ಯಾರೂ ಇಲ್ಲ ಎಂಬುದು. ಗಾಜಿನ ಕೊಳವೆಯಲ್ಲಿ ಯೂರಿಯಾ ಬೆರೆಸಿದರೆ ಎಲ್ಲ ಬಿಡಿಬಿಡಿಯಾಗಿ ತೇಲುತ್ತವೆ. ಯೂರಿಯಾವನ್ನು ಮೆಲ್ಲಗೆ ತೆಗೆದುಹಾಕಿದರೆ ತಾವೇ ತಾವಾಗಿ ಜೋಡಿ ಹುಡುಕಿಕೊಂಡು ಎಳೆಯಾಗುತ್ತವೆ. ಮೇಸ್ತ್ರಿ ಇಲ್ಲ, ನಕಾಶೆ ಇಲ್ಲ.

ಅಪ್ಪ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿ, "ನಮ್ಮಲ್ಲಿ ಯೂರಿಯಾ ಹಾಕಿದ್ರ ಬೆಳೀತೈತಿ. ನಿಮ್ಮ ಧಾರವಾಡದಾಗ ತಗದ್ರ ಬೆಳೀತೈತೇನ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಣದ್ರಾಕ್ಷಿಯ ಕೆಲಸ ಮುಗಿಯುತ್ತ ಬಂದಿತ್ತು. ಬಿಸಿಲು ಎಂದರೆ ಶೆಡ್ಡಿನ ತಗಡು ಮುಟ್ಟಿದರೆ ಕೈ ಅಂಟುವಂಥ ಬಿಸಿಲು. ರುಕ್ಕು ಅದೇ ಆಗ ಅಂಬೆಗಾಲಿಡುವುದು ಕಲಿತು ಮನೆ ತುಂಬ ಹರಿದಾಡುತ್ತಿದ್ದಳು. ಒಂದು ದಿನ ವೈನಿ ಅವಳಿಗೆ ಎರೆಯಲು ಕೂತವಳು ಕೂಗಿಕೊಂಡಳು. ಕೂಸಿನ ಅಂಗೈಗಳಲ್ಲಿ, ಮಂಡಿಗಳ ಮೇಲೆ ನೀರುಗುಳ್ಳೆ ಎದ್ದಿದ್ದವು. ಒಂದು ಒಡೆದು ಕೆಂಪಾಗಿತ್ತು. ನಾಲ್ಕು ದಿನ ಎತ್ತಿಕೊಂಡೇ ಇಟ್ಟರೆ ಮಾಯುತ್ತಿದ್ದವು, ಮತ್ತೆ ನೆಲಕ್ಕೆ ಬಿಟ್ಟರೆ ಮತ್ತೆ ಏಳುತ್ತಿದ್ದವು.

ಮೊದಲ ಅನುಮಾನ ಬಿದ್ದದ್ದು ಒಣಹಾಕುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆ ನೀರಿನ ಮೇಲೆ. ವೈನಿ ಕೂಸನ್ನು ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದಳು, ಆ ನೀರು ಸಿಡಿದಿರಬೇಕು ಎಂದಳು ಅವ್ವ. ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದರೂ ಗುಳ್ಳೆ ನಿಲ್ಲಲಿಲ್ಲ. ಆಗ ಮಿರಜದ ಚರ್ಮದ ಡಾಕ್ಟರಿಗೆ ತೋರಿಸೋಣವೆಂದು ಹಟ ಹಿಡಿದವಳು ನಾನೇ. ಅಣ್ಣ ಒಣದ್ರಾಕ್ಷಿಯ ಲಾರಿ ತುಂಬಿಸಲು ಉಳಿದ. ಅವ್ವ, ವೈನಿ, ನಾನು ಕೂಸನ್ನು ಕರೆದುಕೊಂಡು ಹೋದೆವು.

ಡಾಕ್ಟರು ಬಹಳ ಹೊತ್ತು ಭೂತಗಾಜಿನಲ್ಲಿ ಅಂಗೈ ನೋಡಿದರು. ಅವರ ಬಾಯಿಂದ ಕೆರಾಟಿನ್ ಎಂಬ ಮಾತು ಬಂದಾಗ ನನಗೆ ಅಪರಿಚಿತ ಊರಿನಲ್ಲಿ ನಮ್ಮೂರಿನವರು ಸಿಕ್ಕಂತಾಯಿತು. ನಾಚಿಕೆಯಾಗಬೇಕು, ಆದರೆ ಮೊದಲು ಆದದ್ದು ಖುಷಿಯೇ. ಜೋಡಿಯಲ್ಲಿ ಒಂದು ಕೆರಾಟಿನ್ ಸ್ವಲ್ಪ ದೋಷದ್ದಿದ್ದರೂ ಸಾಕು, ಅದು ಒಳ್ಳೆಯದರ ಜೊತೆ ಕೂಡಿಯೇ ಬಿಡುತ್ತದೆ, ಬಲೆ ಯಾರನ್ನೂ ಬೇಡ ಅನ್ನುವುದಿಲ್ಲ ಎಂದರು. ಹಾಗೆ ಕಟ್ಟಿದ ಬಲೆ ದುರ್ಬಲ. ತಿಕ್ಕಿದಾಗ ಕೋಶ ಒಡೆದು ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಸೆಕೆಯಲ್ಲಿ ಹೆಚ್ಚು. ಜೀವಕ್ಕೇನೂ ಅಪಾಯ ಕಾಣುವುದಿಲ್ಲ, ಅಂಟುರೋಗವಲ್ಲ, ಆದರೆ ಪೂರ್ತಿ ವಾಸಿಮಾಡುವ ಔಷಧಿಯೂ ಇಲ್ಲ. ಕೊನೆಗೆ ಕೇಳಿದರು: "ಇದು ಬಹಳ ಸಲ ವಂಶದಾಗ ಬರ್ತೈತ್ರಿ. ಮನ್ಯಾಗ ಮತ್ತ ಯಾರಿಗರ ಗುಳ್ಳಿ ಏಳ್ತಾವೇನ?"

"ನಮ್ಮ ಮನ್ಯಾಗ ಯಾರಿಗೂ ಇಲ್ರಿ," ಎಂದಳು ಅವ್ವ, ಉಸಿರು ತೆಗೆದುಕೊಳ್ಳದೆ.

ನಾನೂ ಇಲ್ಲವೆಂದು ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂದಲ್ಲ. ಇಬ್ಬರಿಗೂ ನಿಜವಾಗಿ ಯಾರೂ ನೆನಪಾಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವ್ವ ವೈನಿಯ ಪಕ್ಕದಲ್ಲಿ ಕೂರಲಿಲ್ಲ. ಅಥಣಿಯಲ್ಲಿ ಬಸ್ಸು ಬದಲಿಸುವಾಗ ನನ್ನ ಕಿವಿಯಲ್ಲಿ, "ನೂಲಿನಂಗ ಸೀರಿ, ತಾಯಿಯಂಗ ಮಗಳು. ದಿಗ್ಗೇವಾಡಿಯವರು ಮುಚ್ಚಿಟ್ಟ ಕೊಟ್ಟಾರ," ಎಂದಳು. ದಿಗ್ಗೇವಾಡಿ ವೈನಿಯ ತವರು. ವಂಶ ಎಂಬ ಒಂದು ಮಾತು ಆ ದವಾಖಾನೆಯಿಂದ ನಮ್ಮ ಜೊತೆ ಬಸ್ಸು ಹತ್ತಿತ್ತು. ಅದನ್ನು ಹತ್ತಿಸಿಕೊಂಡು ಬಂದವಳು ನಾನು, ಇಳಿಸುವುದು ಹೇಗೆಂದು ನನಗೇ ತಿಳಿಯದು.

ಆಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. ವೈನಿಯ ತಟ್ಟೆ ಬೇರೆಯಾಯಿತು, ಅವಳು ಬಡಿದ ರೊಟ್ಟಿಗೆ ಅವ್ವ ಕೈ ಹಚ್ಚದಾದಳು. ವೈನಿ ತನ್ನ ತವರಿನಲ್ಲಿ ಯಾರಿಗೂ ಹೀಗಿಲ್ಲ ಎಂದು ಆಣೆ ಮಾಡಿ ಹೇಳಿದಳು. ಅಣ್ಣ ನೆಲ ನೋಡುತ್ತ ಕೂತ. ಅಪ್ಪ, "ಅವಸರ ಮಾಡಬ್ಯಾಡ್ರಿ," ಎಂದನೇ ಹೊರತು ಬೇರೇನೂ ಅನ್ನಲಿಲ್ಲ. ಕೊನೆಗೆ ಅವ್ವ ದಿಗ್ಗೇವಾಡಿಗೆ ಫೋನ್ ಮಾಡಿಸಿದಳು. ಅಪ್ಪ ಪಂಢರಪುರದಿಂದ ತಿರುಗಿ ಬಂದ ದಿನ ಬೀಗರು ಬಂದು ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಬೇಕು, ಕೂಸಿಗೆ ಆರಾಮಾಗುವ ತನಕ. ಆರಾಮಾಗದ ರೋಗಕ್ಕೆ ಆರಾಮಾಗುವ ತನಕ ಎಂದರೆ ಏನೆಂದು ವೈನಿಗೂ ಗೊತ್ತಿತ್ತು, ನನಗೂ.

ಇಲ್ಲಿ ಅಪ್ಪನ ಕಾಲಿನ ವಿಷಯ ಹೇಳಬೇಕು. ನಮ್ಮ ಕಡೆ ದಿಂಡಿಗೆ ನಡೆದು ಹೋಗಿ ಬಂದವರ ಕಾಲನ್ನು ಮನೆಯ ಸೊಸೆ ಪರಾತವೆಂಬ ಅಗಲ ತಟ್ಟೆಯಲ್ಲಿಟ್ಟು ತೊಳೆಯುತ್ತಾಳೆ. ಓಣಿಯವರು ಬಂದು ಆ ಪಾದಕ್ಕೆ ಹಣೆ ಹಚ್ಚುತ್ತಾರೆ, ತೊಳೆದ ನೀರನ್ನು ತಲೆಗೆ ಸಿಂಪಡಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ಹೆಚ್ಚು ಜನ ಬರುತ್ತಿದ್ದುದು ಅಪ್ಪನ ಪಾದಕ್ಕೆ. ಯಾಕೆಂದರೆ ಅವನ ಪಾದ ಹೋದ ಹಾಗೆ ತಿರುಗಿ ಬಂದದ್ದೇ ಇಲ್ಲ. ಹಿಮ್ಮಡಿ, ಬೆರಳು, ಅಂಗಾಲು ಎಲ್ಲ ಗುಳ್ಳೆ. ಪಾಂಡುರಂಗ ಗುರುತು ಹಾಕಿ ಕಳಿಸಿದ್ದಾನೆ ಎನ್ನುತ್ತಿದ್ದರು. ದಿಂಡಿಯ ವೀಣೆ ಅವನ ಹೆಗಲಿಗೆ ಬಂದದ್ದೂ ಆ ಗುರುತಿನಿಂದಲೇ. ಸಣ್ಣವಳಿದ್ದಾಗ ನಾನು ಬಾವಿಯ ಕಲ್ಲಿಗೆ ಅಂಗಾಲು ತಿಕ್ಕಿ ತಿಕ್ಕಿ ಗುಳ್ಳೆ ಎಬ್ಬಿಸಲು ನೋಡಿದ್ದೆ. ಏಳಲಿಲ್ಲ. ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದು ಅತ್ತಿದ್ದೆ.

ಆ ವರ್ಷ ಅಪ್ಪ ಜ್ವರದಿಂದ ಎದ್ದಿದ್ದನಾದ್ದರಿಂದ ಜತ್ತದ ತನಕ ಅವನ ಜೊತೆ ನಡೆಯಲು ಅವ್ವ ನನ್ನನ್ನು ಕಳಿಸಿದಳು. ಮಿರಗದ ನಕ್ಷತ್ರ ಹೋಗಿ ಆರಿದ್ರಾ ಬಂದಿತ್ತು, ಮಳೆ ಬಂದಿರಲಿಲ್ಲ. ಮೋಡಗಳು ಎಲ್ಲಿಗೋ ಹೊರಟವರ ಹಾಗೆ ನಮ್ಮ ತಲೆಯ ಮೇಲಿಂದ ಹಾಯ್ದು ಹೋಗುತ್ತಿದ್ದವು. ಗಾಳಿಗೆ ದಾರಿಯ ಧೂಳೆಲ್ಲ ಬಾಯಿಗೆ. ಒಂದೊಂದು ಊರಿನ ಕೂಡುದಾರಿಯಲ್ಲಿ ಇಬ್ಬರು, ನಾಲ್ವರು ಬಂದು ಸೇರಿಕೊಳ್ಳುತ್ತಿದ್ದರು. ಕರೆದವರಿಲ್ಲ, ಸಾಲು ಹಚ್ಚಿದವರಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಜೋಡಿಯಾಗಿ ತಾಳಕ್ಕೆ ತಾಳ ಸೇರಿಸಿ ಸಾಲಿನಲ್ಲಿರುತ್ತಿದ್ದರು. ಇದೇ ನನ್ನ ಕೆರಾಟಿನ್ ಎಂದು ಒಂದು ಗಳಿಗೆ ಹಿಗ್ಗಿದೆ. ಮರುಗಳಿಗೆಗೇ ತಲೆ ಕೆಟ್ಟಿತು. ಇವರು ಕೂಡುವುದಕ್ಕೆ ಪಂಢರಪುರದಲ್ಲಿ ಒಬ್ಬ ನಿಂತಿದ್ದಾನೆ. ಆ ಎಳೆಗಳಿಗೆ ಯಾರಿದ್ದಾರೆ?

ಎರಡನೆಯ ದಿನ ಮಧ್ಯಾಹ್ನ ಒಂದು ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಅಡ್ಡಾದರು. ಚಾಚಿದ ಕಾಲುಗಳ ಸಾಲು ನನ್ನ ಎದುರಿಗೆ. ಬೇರೆ ಕೆಲಸವಿಲ್ಲದೆ ನೋಡುತ್ತ ಕೂತೆ. ಒಡೆದ ಹಿಮ್ಮಡಿ, ಮುಳ್ಳು ಚುಚ್ಚಿದ ಗಾಯ, ಧೂಳು, ಆಣಿ. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಬರಿಗಾಲಲ್ಲಿ ನಮ್ಮಷ್ಟೇ ನಡೆದಿದ್ದಳು, ಅವಳ ಅಂಗಾಲು ಹಳೆಯ ಚಕ್ಕಡಿಯ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಗುಳ್ಳೆ ಮಾತ್ರ ಯಾರಿಗೂ ಇಲ್ಲ. ಅಪ್ಪ ಎಲ್ಲಿ ಎಂದು ಹುಡುಕಿದರೆ ಶಾಲೆಯ ಹಿಂದೆ ಬೇವಿನ ಗಿಡದ ಬುಡದಲ್ಲಿ ಒಬ್ಬನೇ ಕೂತಿದ್ದ. ಎಣ್ಣೆ ಉಣಿಸಿ ಮೆತ್ತಗೆ ಮಾಡಿದ ಅಥಣಿಯ ಚಪ್ಪಲಿ ಪಕ್ಕಕ್ಕಿಟ್ಟು, ಸೂಜಿಯಲ್ಲಿ ದಾರ ಪೋಣಿಸಿ, ಗುಳ್ಳೆಯ ಒಂದು ಮೂಲೆ ಚುಚ್ಚಿ ನೀರು ಇಳಿಸುತ್ತಿದ್ದ. ಮೇಲಿನ ಚರ್ಮ ಹರಿಯದಂತೆ, ಬಹಳ ನಾಜೂಕಾಗಿ.

ಆ ಗುಳ್ಳೆಯನ್ನು ನಾನು ನೋಡಿದ್ದೆ. ರುಕ್ಕುವಿನ ಅಂಗೈಯಲ್ಲಿ ನೋಡಿದ್ದೆ.

"ಅಪ್ಪಾ," ಎಂದೆ. "ರುಕ್ಕೂಗ ಏಳೂವೂ ಇವ ಗುಳ್ಳಿ."

ಅವನು ತಲೆ ಎತ್ತಲಿಲ್ಲ. "ಅಕೀದು ರೋಗ ಅಂತ. ಇವು ಪಾಂಡುರಂಗ ಕೊಟ್ಟಿದ್ದು."

"ಮಿರಜದ ಡಾಕ್ಟ್ರು ವಂಶದಾಗ ಬರ್ತೈತಿ ಅಂದ್ರು."

"ನನ್ನ ಪಾಂಡುರಂಗನ್ನ ಮಿರಜ ದವಾಖಾನಿಗಿ ಹಾಕ್ತೀ ಏನ ನೀ?" ಎಂದು ಗದರಿದ. ಅಪ್ಪ ನನ್ನ ಮೇಲೆ ಹಾಗೆ ಧ್ವನಿ ಎತ್ತಿದ್ದು ನೆನಪಿಲ್ಲ. ಆಮೇಲೆ ಸೂಜಿಯನ್ನು ಟೊಪ್ಪಿಗೆಯ ಅಂಚಿಗೆ ಚುಚ್ಚಿ, ಬೇರೆಯೇ ಧ್ವನಿಯಲ್ಲಿ ಮಾತಾಡಿದ. "ದಿಂಡಿಗಿ ಬರೂಕಿಂತ ಮೊದ್ಲೂ ಇದ್ದುವು, ಸುಮಾ. ಸಣ್ಣಾಂವ ಇದ್ದಾಗಿಂದ ಅದಾವ. ನಮ್ಮವ್ವಗೂ ಇದ್ದುವು. ಕುಂಟಿ ಹೊಡದ್ರ ಕಾಲಾಗ ಗುಳ್ಳಿ, ಸಲಿಕಿ ಹಿಡದ್ರ ಕೈಯಾಗ ಗುಳ್ಳಿ. ಊರ ಮಂದಿ ಬೆಣ್ಣಿಗಾಲಿನಾಂವ ಅಂತಿದ್ರು. ನಮ್ಮಪ್ಪ ಮಂದಿ ಮುಂದ ಹೊಡೀತಿದ್ದ, ಮೈಗಳ್ಳ ಅಂತ. ಹದಿನೆಂಟನೇ ವರ್ಷಕ್ಕ ದಿಂಡಿಗಿ ಬಂದೆ. ಸಾಂಗೋಲಾದಾಗ ಒಬ್ಬಾಕಿ ಮುದುಕಿ ನನ್ನ ಕಾಲ ನೋಡಿ ಅಳಾಕ ಹತ್ತಿದ್ಲು. ಕಾಲಿಗಿ ಹಣಿ ಹಚ್ಚಿದ್ಲು. ನನ್ನ ಕಾಲಿಗಿ ಯಾರರ ಹಣಿ ಹಚ್ಚಿದ್ದು ಅದ ಮೊದಲ."

ಅವನಿಗೆ ಎಲ್ಲ ಗೊತ್ತಿತ್ತು, ಮತ್ತು ಏನೂ ಗೊತ್ತಿರಲಿಲ್ಲ. ರುಕ್ಕುವಿನದು ಅದೇ ಎಂದು ಅವನ ಮನಸ್ಸಿಗೆ ಎಂದೂ ಹೊಳೆದಿರಲಿಲ್ಲವೋ, ಹೊಳೆದದ್ದನ್ನು ಅವನೇ ಒಳಗೆ ತಳ್ಳಿದ್ದನೋ, ಆ ಮುಖ ನೋಡಿ ಹೇಳಲಾಗಲಿಲ್ಲ. ಮರುದಿನ ಜತ್ತದಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ಅವನು ಒಂದೇ ಮಾತು ಕೇಳಿದ: "ವೀಣಾ ಹೊತ್ತಾಂವ ನಾನು. ಊರಿಗಿ ಹೋಗಿ ಏನ ಹೇಳ್ತಿ?"

ಹೇಳಿದರೆ ಅಪ್ಪನ ಪಾದ ರೋಗದ ಪಾದ. ಹೇಳದಿದ್ದರೆ ವೈನಿ ದಿಗ್ಗೇವಾಡಿಗೆ. ಅತ್ತ ದರಿ, ಇತ್ತ ಪುಲಿ ಎಂದು ಶಾಲೆಯಲ್ಲಿ ಬರೆದದ್ದಷ್ಟೇ, ಅದರ ನಡುವೆ ನಿಂತಿರಲಿಲ್ಲ.

ಮನೆಗೆ ಬಂದು ಅಣ್ಣನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬೂಟು ಬಿಚ್ಚು ಎಂದೆ. ಅವನು ಬಿಚ್ಚಲಿಲ್ಲ. "ಬ್ಯಾಸಗ್ಯಾಗ ಏಳ್ತಾವ. ಬೂಟಿಂದು ಅಂತ ಬಿಟ್ಟಿದ್ದೆ. ಮಿಲ್ಟ್ರಿ ಭರತಿಗಿ ಓಡಿದಾಗೂ ಅದಕ್ಕ ಬಿದ್ದದ್ದು," ಎಂದು ಬಳ್ಳಿಯ ಕಡೆ ಮುಖ ತಿರುಗಿಸಿದ. "ಅಪ್ಪ ಬರೂ ತನಕಾ ಸುಮ್ಮಿರು." ಅವ್ವನಿಗೆ ಹೇಳಿದೆ. ಎಳೆ, ಜೋಡಿ, ಬಲೆ, ಎಲ್ಲ ಹೇಳಿದೆ. "ದೇವರ ಗುರುತಿಗೂ ರೋಗಕ್ಕೂ ಫರಕ ತಿಳೀದ ನೀ ಏನ ಓದಿದಿ?" ಎಂದಳು. ಹಿತ್ತಲ ಗಿಡ ಮದ್ದಲ್ಲ. ಆದರೆ ನನ್ನನ್ನು ನಿಜವಾಗಿ ಗೊಂದಲಕ್ಕೆ ಕೆಡವಿದವಳು ವೈನಿ. ಅವಳಿಗೆ ಹೇಳಿದರೆ ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ರುಕ್ಕುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಲೇ ಇದ್ದಳು. "ಬ್ಯಾಡ ಸುಮಾ. ಮಾವಾರ ಮರ್ಯಾದಿ ತಗದು ನಾ ಇಲ್ಲಿ ಉಳದ್ರ, ಅದು ಉಳದಂಗ ಅಕ್ಕೈತೇನ?"

ಏಕಾದಶಿ ಮುಗಿದು ದಿಂಡಿಯವರು ಟೆಂಪೋದಲ್ಲಿ ಬಂದ ದಿನ ಮುಂಜಾನೆಯಿಂದ ಸಣ್ಣ ಹನಿ. ಟೆಂಪೋ ಇಳಿದ ಅಪ್ಪನನ್ನು ಅಣ್ಣ ಬದಿಗೆ ಕರೆದು ತನ್ನ ಬೂಟಿನೊಳಗಿನ ವಿಷಯ ಹೇಳಿದ್ದ. ಓಣಿಯವರು ಅಂಗಳದಲ್ಲಿ ನೆರೆದಿದ್ದರು. ವೈನಿಯ ತಂದೆ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಕಟ್ಟೆಗೆ ಕೂತಿದ್ದರು. ಅವರು ತಂದ ಬಾಡಿಗೆಯ ಗಾಡಿ ಬೇಲಿಯ ಆಚೆ ನಿಂತಿತ್ತು, ವೈನಿಯ ಚೀಲ ಅದರೊಳಗೆ. ಹೋಗುವ ಮೊದಲು ಪದ್ಧತಿಯಂತೆ ಕಾಲು ತೊಳೆದು ಹೋಗಲಿ ಎಂದಿದ್ದಳು ಅವ್ವ. ವೈನಿ ಪರಾತ ಇಟ್ಟು, ಬಿಸಿನೀರಿನ ಚರಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಅಪ್ಪ ಚಪ್ಪಲಿ ಬಿಟ್ಟ. ಓಣಿಯ ಹೆಂಗಸರು ಆ ಪಾದ ನೋಡಿ ಗಲ್ಲ ಬಡಿದುಕೊಂಡರು.

ಅವನು ಪರಾತದಲ್ಲಿ ಕಾಲಿಡಲಿಲ್ಲ. ವೀಣೆಯನ್ನು ಇಳಿಸಿ ಅಣ್ಣನ ಕೈಗೆ ಕೊಟ್ಟ. ಮೆಟ್ಟಿಲ ಮೇಲೆ ಕೂತು, "ಸುಮಾ, ರುಕ್ಕೂನ ತಾ," ಎಂದ. ನಾನು ತಂದುಕೊಟ್ಟೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈ ಬಿಡಿಸಿ, ತನ್ನ ಅಂಗಾಲಿನ ಪಕ್ಕ ಹಿಡಿದ.

"ಎಲ್ಲಾರೂ ನೋಡ್ರಿ," ಎಂದ. "ಇವೂ ಅವ ಗುಳ್ಳಿ, ಅವೂ ಇವ ಗುಳ್ಳಿ. ನನಗ ದೇವ್ರ ಕೊಟ್ಟಾನಂದ್ರ ಇಕಿಗೂ ದೇವ್ರ ಕೊಟ್ಟಾನ. ಇಕೀದು ರೋಗ ಅಂದ್ರ ನಂದೂ ರೋಗ. ಎರಡರಾಗ ಒಂದ ಹೇಳ್ರಿ, ಎರಡೂ ಹೇಳಬ್ಯಾಡ್ರಿ." ಆಮೇಲೆ ಕಟ್ಟೆಯ ಕಡೆ ತಿರುಗಿ, "ಬೀಗ್ರ, ಇದು ನಮ್ಮ ಮನೀ ರಕ್ತದ್ದು. ನಮ್ಮವ್ವನಿಂದ ನನಗ, ನನ್ನಿಂದ ನಿಮ್ಮ ಅಳಿಯಗ, ಅಂವನಿಂದ ಇದಕ್ಕ. ನಿಮ್ಮ ಮಗಳ ತಂದದ್ದಲ್ಲ."

ಅವ್ವ ಆರತಿ ತಟ್ಟೆ ಹಿಡಿದವಳು ಎತ್ತಬೇಕೋ ಇಳಿಸಬೇಕೋ ತಿಳಿಯದೆ ನಿಂತಳು. ಪಕ್ಕದ ಮನೆಯ ಕಾಕು ನನ್ನ ಸೆರಗು ಜಗ್ಗಿ, "ಯವ್ವಾ, ಮುಟ್ಟಿದ್ರ ಹತ್ತತೈತೇನ?" ಎಂದು ಪಿಸುಗುಟ್ಟಿದಳು. "ಇಲ್ರಿ ಕಾಕು, ಹತ್ತೂದಿಲ್ಲ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಆದರೂ ಮುಂದೆ ಬಂದಿದ್ದ ಸಾಲು ಸ್ವಲ್ಪ ಸ್ವಲ್ಪ ಹಿಂದೆ ಸರಿಯಿತು. ಇಷ್ಟು ವರ್ಷ ನೂಕಾಡಿ ಹಣೆ ಹಚ್ಚಿದವರು ಅವರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೆ ಹೆಮ್ಮೆಯೆನಿಸಿತು, ಇದಕ್ಕೆಲ್ಲ ಕಾರಣವಾದ ನನ್ನ ಓದಿನ ಮೇಲೆ ಏನು ಅನಿಸಿತೆಂದು ಹೇಳಲಾರೆ. ಅಪ್ಪ ಕೂಸನ್ನು ಎತ್ತಿಕೊಂಡು ಎದ್ದು ನಿಂತ. ಅವನ ಪಾದಗಳು ಒದ್ದೆ ನೆಲದ ಮೇಲೆ ಹಾಗೇ ಇದ್ದವು. ಅವನು ಅವುಗಳನ್ನು ಧೋತರದೊಳಗೆ ಸರಿಸಿಕೊಳ್ಳಲು ನೋಡಿದ. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಚರಿಗೆಯ ನೀರಿನ ಸಪ್ಪಳಕ್ಕೆ ತಿರುಗಿ ನೋಡಿದರೆ, ವೈನಿ ಅವನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಪರಾತಕ್ಕೆ ಇಟ್ಟುಕೊಂಡಿದ್ದಳು. ಕೂಸಿಗೆ ಎರೆಯುವಾಗ ಕಲಿತ ಹಾಗೆ, ತಿಕ್ಕದೆ, ಬರೀ ನೀರು ಹರಿಯಬಿಟ್ಟು ತೊಳೆಯುತ್ತಿದ್ದಳು.

ಅವಳ ತಂದೆ ಕಟ್ಟೆಯಿಂದ ಎದ್ದರು. ಯಾರ ಮುಖ ನೋಡಬೇಕೆಂದು ತಿಳಿಯದೆ ಗಾಡಿಯ ಕಡೆ ನೋಡಿದರು. "ಶೋಭಾ, ಗಾಡಿ ನಿಂತೈತವಾ. ನಡಿ ಅನ್ಲೋ, ಬ್ಯಾಡ ಅನ್ಲೋ?"

ವೈನಿ ತಲೆ ಎತ್ತಲಿಲ್ಲ. ಎಡಗಾಲಿಗೆ ಕೈ ಚಾಚುತ್ತ, "ತಾತ್ಯಾ, ಚೀಲಾ ಇಳಿಸಿ ಗಾಡಿ ಕಳಸು," ಎಂದಳು. "ನೀ ಊಟಾ ಮಾಡ್ಕೊಂಡ ಸಂಜಿ ಬಸ್ಸಿಗಿ ಹೋಗೀಯಂತ."